ಕಡಲೊಳಗೆ ಕೈಕಟ್ಟಿಕೊಂಡು

ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದವರಿಗೆ ಕಡಲಿನ ಮರ್ಮವೆಲ್ಲ ಕರತಲಾಮಲಕವೆಂದು ಘಟ್ಟದ ಮೇಲಿನ ಜನರು ಭಾವಿಸುವುದುಂಟು. ವಸ್ತುಸ್ಥಿತಿಯು ಹಾಗಿಲ್ಲ. ನಾವು ಅಂಕೋಲಾ ತಾಲೂಕಿನ ಅವರ್ಸಾದವರು. ಮಳೆಗಾಲದ ರಾತ್ರಿಗಳಲ್ಲಿ ಹಾರವಾಡದ ತೆರೆಗಳ ಮೊರೆತವು ನಮ್ಮ ಜಗಲಿಯವರೆಗೂ ಕೇಳಿಸುತ್ತದೆ; ಬೆಳಗಾದರೆ ಮೀನಿನ ಬುಟ್ಟಿ ಹೊತ್ತ ಹೆಂಗಸರು ಬಾಗಿಲ ಮುಂದೆ ಹಾದುಹೋಗುತ್ತಾರೆ. ಇಷ್ಟಾದರೂ ಊರಿನ ಗೃಹಸ್ಥರಲ್ಲಿ ಹೆಚ್ಚಿನವರಿಗೆ ಕಡಲೆಂದರೆ ದೂರದಲ್ಲಿ ಕಾಣುವ ಒಂದು ನೀಲಿಯ ಗೆರೆ, ಪರ್ವಕಾಲದಲ್ಲಿ ಮಿಂದು ಬರುವ ಒಂದು ತೀರ್ಥ, ಇಷ್ಟೇ. ಅದರ ಮೇಲ್ಮೈಯನ್ನು ಹರಿಕಂತ್ರರೂ ಖಾರ್ವಿಗಳೂ ಅಂಬಿಗರೂ ಬಲ್ಲರು. ಅದರ ಒಡಲನ್ನು ಕಣ್ಣಾರೆ ಕಂಡವರು ಅವರಲ್ಲಿಯೂ ವಿರಳ. ಮೂವತ್ತಕ್ಕೂ ಹೆಚ್ಚು ವರ್ಷ ಹುಡುಗರಿಗೆ ಸಂಸ್ಕೃತ ಕಲಿಸಿ ನಿವೃತ್ತರಾದ ನಾವಂತೂ ರತ್ನಾಕರ, ಯಾದಃಪತಿ, ಅಪಾಂಪತಿ ಎಂದು ಅದರ ಹೆಸರುಗಳನ್ನು ಬಾಯಿಪಾಠ ಮಾಡಿಸಿದವರೇ ಹೊರತು ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿದವರಲ್ಲ.

ಹೀಗಿರುವಲ್ಲಿ ಹೋದ ವರ್ಷ ದೀಪಾವಳಿಯು ಕಳೆದ ಮೇಲೆ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಕಿರಿಯ ಮಗಳು ದೂರವಾಣಿಯಲ್ಲಿ ಮಾತನಾಡುತ್ತ, ತಾನು ಗೆಳತಿಯರೊಡನೆ ನೇತ್ರಾಣಿಗೆ ಹೋಗಿ ಸ್ಕೂಬಾ ಎಂಬ ಮುಳುಗುವ ವಿದ್ಯೆಯನ್ನು ಕಲಿಯುವವಳಿದ್ದೇನೆಂದು ತಿಳಿಸಿದಳು. ನೇತ್ರಾಣಿಯೆಂಬುದು ಭಟ್ಕಳ ತಾಲೂಕಿನ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು ಪಶ್ಚಿಮಕ್ಕೆ ಕಡಲಿನಲ್ಲಿರುವ ನಿರ್ಜನ ದ್ವೀಪ. ಮೇಲಿನಿಂದ ನೋಡಿದರೆ ಹೃದಯದ ಆಕಾರದಲ್ಲಿ ಕಾಣುತ್ತದೆ. ನಮ್ಮವರು ಅದನ್ನು ಪಾರಿವಾಳದ ಗುಡ್ಡವೆಂದೂ ಕರೆಯುತ್ತಾರೆ. ಅದರ ಬುಡದ ಬಂಡೆಗಳಲ್ಲಿ ಹವಳವೂ ಬಣ್ಣಬಣ್ಣದ ಮೀನುಗಳೂ ಇರುವುದರಿಂದ, ಮಳೆಗಾಲವೊಂದನ್ನುಳಿದು ಮಿಕ್ಕ ತಿಂಗಳುಗಳಲ್ಲಿ ಮುರ್ಡೇಶ್ವರದಿಂದ ದೋಣಿಗಳು ಮುಳುಗುವವರನ್ನು ಅಲ್ಲಿಗೆ ಒಯ್ಯುತ್ತವೆ. ದಿವಂಗತ ಪುನೀತ್ ರಾಜಕುಮಾರರು ಅಲ್ಲಿಯ ನೀರಿಗೆ ಇಳಿದ ದೃಶ್ಯವನ್ನು 2022ರಲ್ಲಿ ತೆರೆಕಂಡ ‘ಗಂಧದಗುಡಿ’ಯಲ್ಲಿ ವಾಚಕರಲ್ಲಿ ಅನೇಕರು ನೋಡಿರಬಹುದು. ನಮ್ಮ ಮಗಳಿಗೆ ಹುಚ್ಚು ಹಿಡಿದದ್ದೂ ಅಲ್ಲಿಂದಲೇ.

ಅವಳ ಆಯಿಯು ಈ ಮಾತನ್ನು ಕೇಳಿ ಆ ರಾತ್ರಿ ಊಟವನ್ನೇ ಬಿಟ್ಟರು. ಇದಕ್ಕೆ ಕಾರಣವುಂಟು. ಅವರ ಅಣ್ಣನೊಬ್ಬನು ಹದಿನಾಲ್ಕನೆಯ ವಯಸ್ಸಿನಲ್ಲಿ ಸಮುದ್ರಸ್ನಾನಕ್ಕೆ ಹೋದವನು ಮರಳಿ ಬರಲಿಲ್ಲ. ಅಂದಿನಿಂದ ಅವರು ಕಡಲಿನ ಕಡೆಗಿನ ಕಿಟಕಿಯನ್ನು ಸಂಜೆಯಾದ ಕೂಡಲೆ ಮುಚ್ಚುವವರು. ಮರುದಿನ ಅವರು ನಮಗೆ ಹೇಳಿದ್ದಿಷ್ಟು: “ನೀವು ಇಷ್ಟೆಲ್ಲ ಪುಸ್ತಕ ಓದಿದವರು. ಆ ನೀರಿನೊಳಗೆ ಕಚ್ಚುವಂಥದ್ದು, ಚುಚ್ಚುವಂಥದ್ದು ಏನೇನಿದೆಯೆಂದು ನೋಡಿ ಹೇಳಿ. ಆಮೇಲೆ ಕಳಿಸುವುದೋ ಬಿಡುವುದೋ ನೋಡುವಾ.” ಮಗಳು ವಯಸ್ಸಿಗೆ ಬಂದವಳು, ನಮ್ಮ ಅಪ್ಪಣೆಗಾಗಿ ಕಾಯಬೇಕಾದವಳಲ್ಲ. ಆದರೂ ತಾಯಿಯ ಮನಸ್ಸು ನೊಂದರೆ ತಾನು ಹೋಗೆನೆಂದು ಅವಳೂ ಅಂದಳು. ಆದಕಾರಣ ವಿಚಾರಣೆಯ ಭಾರವು ನಮ್ಮ ತಲೆಯ ಮೇಲೆ ಬಿತ್ತು.

ನಾವು ಮೊದಲು ಕೈಯಿಟ್ಟದ್ದು ನಮಗೆ ಬಲ್ಲ ಪುಸ್ತಕಗಳ ಮೇಲೆಯೇ. ಅಮರಸಿಂಹನು ವಾರಿವರ್ಗದಲ್ಲಿ ಜಲಜಂತುಗಳಿಗೆಲ್ಲ ಯಾದಸ್ಸೆಂಬ ಒಂದೇ ಹೆಸರಿಟ್ಟು, ತಿಮಿ, ತಿಮಿಂಗಿಲ, ಮಕರ ಮೊದಲಾದವುಗಳನ್ನು ಎಣಿಸುತ್ತಾನೆ. ತಿಮಿಯನ್ನು ನುಂಗುವುದು ತಿಮಿಂಗಿಲ. ಅದನ್ನೂ ನುಂಗುವ ತಿಮಿಂಗಿಲಗಿಲವೊಂದಿದೆಯೆಂದು ಹೇಳಿ ಎಷ್ಟೋ ತರಗತಿಗಳನ್ನು ನಗಿಸಿದ್ದೇವೆ. ಆದರೆ ಈ ಹೆಸರುಗಳೆಲ್ಲ ನುಂಗುವವುಗಳ ಹೆಸರುಗಳು. ಮನುಷ್ಯನ ಕಲ್ಪನೆಯು ಕಡಲಿನಲ್ಲಿ ಬಾಯಿಯನ್ನೇ ಕಾಣುತ್ತದೆ. ಸುಶ್ರುತನು ಮಾತ್ರ ಹೆಚ್ಚು ಸೂಕ್ಷ್ಮವಾಗಿ ನೋಡಿದವನು. ಕಲ್ಪಸ್ಥಾನದ 3ನೆಯ ಅಧ್ಯಾಯದಲ್ಲಿ ಅವನು ಜಂಗಮವಿಷಕ್ಕೆ, ಎಂದರೆ ಪ್ರಾಣಿಗಳ ವಿಷಕ್ಕೆ, 16 ಅಧಿಷ್ಠಾನಗಳನ್ನು ಹೇಳುತ್ತಾನೆ. ಹಲ್ಲು, ಉಗುರು, ಜೊಲ್ಲುಗಳ ಜೊತೆಗೆ ಎಲುಬನ್ನೂ ಅವನು ವಿಷದ ನೆಲೆಯೆಂದು ಎಣಿಸಿ, ಅಲ್ಲಿ ಒಂದು ಮೀನಿನ ಎಲುಬನ್ನು ಸೇರಿಸಿದ್ದಾನೆ. ಹಲ್ಲಿನ ವಿಷದ ಸಾಲಿನಲ್ಲಿ ಶಂಬೂಕವೂ, ಎಂದರೆ ಚಿಪ್ಪಿನ ಹುಳುವೂ, ಇದೆ. ಪುರಾತನರು ಇಂದಿನ ಶಾಸ್ತ್ರವನ್ನೆಲ್ಲ ಮೊದಲೇ ಬಲ್ಲರೆಂದು ಸಾಧಿಸುವ ಹಟವು ನಮಗಿಲ್ಲ. ಆದರೆ ಎಲುಬಿನಲ್ಲಿ ವಿಷವೆಂಬ ಆ ಒಂದು ಮಾತು ನಮ್ಮ ವಿಚಾರಣೆಗೆ ದಾರಿದೀಪವಾಯಿತು. ಏತಕ್ಕೆಂದರೆ, ಹಲ್ಲಿನಲ್ಲಿ ವಿಷವುಳ್ಳದ್ದು ನಮ್ಮ ಬಳಿಗೆ ಬಂದು ಕಚ್ಚಬಲ್ಲದು. ಬೆನ್ನಿನ ಮುಳ್ಳಿನಲ್ಲೋ ಬಾಲದ ಎಲುಬಿನಲ್ಲೋ ವಿಷವುಳ್ಳದ್ದು ಅದನ್ನು ಬೇಟೆಗಾಗಿ ಇಟ್ಟುಕೊಂಡಿಲ್ಲ. ಅದರ ವಿಷವು ನಮಗೆ ತಗಲಬೇಕಾದರೆ ನಾವೇ ಅದನ್ನು ಮುಟ್ಟಬೇಕು, ಇಲ್ಲವೆ ತುಳಿಯಬೇಕು. ಇಂದಿನ ಸಮುದ್ರಶಾಸ್ತ್ರಜ್ಞರೂ ಮುಳುಗುವಿದ್ಯೆಯ ಗುರುಗಳೂ ಹೇಳುವುದು ಬಹುಪಾಲು ಇದೇ ಮಾತು.

ಎರಡನೆಯ ಪ್ರಮಾಣವು ನಮಗೆ ಪುಸ್ತಕದಲ್ಲಲ್ಲ, ಹಾರವಾಡದ ದಂಡೆಯಲ್ಲಿ ದೊರೆಯಿತು. ಅಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು ಸ್ವಂತ ದೋಣಿಯಿಟ್ಟುಕೊಂಡಿದ್ದಾನೆ. ಶಬ್ದರೂಪಗಳು ಅವನ ತಲೆಗೆ ಹತ್ತಲಿಲ್ಲ. ಆದರೆ ಗಾಳಿ, ನೀರು, ಮೀನು ಈ ಮೂರರಲ್ಲಿ ಅವನು ಪಂಡಿತ. ಅವನು ತನ್ನ ಎಡಗಾಲಿನ ಮೇಲ್ಭಾಗದ ಒಂದು ಗಾಯದ ಕಲೆಯನ್ನು ತೋರಿಸಿದನು. ನಾಲ್ಕು ವರ್ಷಗಳ ಹಿಂದೆ ಸಂಜೆಯ ಹೊತ್ತು, ಮೊಣಕಾಲುದ್ದದ ನೀರಿನಲ್ಲಿ ಬೀಸುಬಲೆ ಹಿಡಿದು ನಡೆಯುತ್ತಿದ್ದಾಗ ಅವನು ಮರಳಿನಲ್ಲಿ ಹುದುಗಿದ್ದ ತೊರಕೆಯನ್ನು ತುಳಿದಿದ್ದನು. ತೊರಕೆಯು ಮೊರದಂತೆ ಚಪ್ಪಟೆಯಾದ ಮೀನು. ಮೈಯನ್ನೆಲ್ಲ ಮರಳಿನಲ್ಲಿ ಮುಚ್ಚಿಕೊಂಡು ಕಣ್ಣು ಮಾತ್ರ ಹೊರಗಿಟ್ಟು ಮಲಗುತ್ತದೆ. ಅದರ ಚಾಟಿಯಂಥ ಬಾಲದ ಮೇಲೆ ಗರಗಸದ ಹಲ್ಲುಗಳುಳ್ಳ ಮುಳ್ಳಿದೆ. ವಿಷವು ಆ ಮುಳ್ಳಿನ ಮೇಲಿನ ತೆಳುವಾದ ಪೊರೆಯಲ್ಲಿದೆ. ಬೆನ್ನಿನ ಮೇಲೆ ಕಾಲು ಬಿದ್ದೊಡನೆ ಬಾಲವು ಮೇಲಕ್ಕೆ ಹೊಡೆಯುತ್ತದೆ.

“ಮಾಸ್ತರೇ, ಮೂರು ಹೆರಿಗೆಯ ನೋವನ್ನು ಒಂದೇ ಕಾಲಿನಲ್ಲಿ ಇಟ್ಟಹಾಗಾಯಿತು ಎಂದು ನನ್ನ ಹೆಂಡತಿ ಹೇಳಿದಳು, ಅವಳಿಗೆ ಗೊತ್ತಿರಬೇಕು” ಎಂದನವನು.

ಅವನ ತಾಯಿಯು ಕೂಡಲೆ ಒಲೆಯ ಮೇಲಿನ ಬಿಸಿನೀರನ್ನು ಬೋಗುಣಿಗೆ ಹೊಯ್ದು, ತಾಳುವಷ್ಟು ತಣ್ಣೀರು ಬೆರೆಸಿ, ಕಾಲನ್ನು ಅದರಲ್ಲಿ ಇಡಿಸಿದಳಂತೆ. ಅರ್ಧ ತಾಸಿನಲ್ಲಿ ನೋವು ಅರ್ಧಕ್ಕಿಳಿಯಿತು. ಆಮೇಲೆ ಆಸ್ಪತ್ರೆಗೆ ಹೋಗಿ, ಒಳಗೆ ಮುಳ್ಳಿನ ಚೂರು ಉಳಿದಿದೆಯೋ ಎಂದು ಚಿತ್ರ ತೆಗೆಸಿ, ಗಾಯ ತೊಳೆಸಿಕೊಂಡು, ಧನುರ್ವಾಯುವಿನ ಸೂಜಿಯನ್ನೂ ಹಾಕಿಸಿಕೊಂಡು ಬಂದನು. ನಾವು ಈ ಬಿಸಿನೀರಿನ ವಿಷಯವನ್ನು ಪರಿಚಿತ ವೈದ್ಯರೊಬ್ಬರಲ್ಲಿ ಪ್ರಸ್ತಾಪಿಸಿದೆವು. ಆ ಮುದುಕಿಯು ಮಾಡಿದ್ದು ಸರಿಯೆಂದೂ, ಈಗಿನ ವೈದ್ಯಗ್ರಂಥಗಳಲ್ಲಿಯೂ ಅದೇ ಮೊದಲ ಉಪಚಾರವೆಂದೂ ಅವರು ಹೇಳಿದರು. ಮೀನಿನ ಮುಳ್ಳುಗಳ ವಿಷವು ಬಿಸಿಗೆ ಕೆಡುವ ಸ್ವಭಾವದ್ದು. ನೀರು ಸುಮಾರು 45 ಡಿಗ್ರಿ ಸೆಲ್ಸಿಯಸ್ಸಿನಷ್ಟು ಬಿಸಿಯಿರಬೇಕು. ಅದಕ್ಕಿಂತ ಹೆಚ್ಚಾದರೆ ಚರ್ಮವೇ ಬೇಯುತ್ತದೆ. 30ರಿಂದ 90 ನಿಮಿಷಗಳವರೆಗೆ, ನೀರು ಆರಿದಂತೆ ಬಿಸಿ ಬೆರೆಸುತ್ತ, ಇಟ್ಟಿರಬೇಕು. ಇಲ್ಲಿ ಗೃಹಿಣಿಯರು ನೆನಪಿಡತಕ್ಕ ಸಂಗತಿಯೊಂದಿದೆ: ಗಾಯಗೊಂಡ ಕಾಲಿಗೆ ಬಿಸಿಯ ಅಳತೆ ತಿಳಿಯುವುದಿಲ್ಲ. ನೀರಿನ ಕಾವನ್ನು ಉಪಚರಿಸುವವರು ತಮ್ಮ ಕೈಯಿಂದಲೇ ಪರೀಕ್ಷಿಸಬೇಕು. ಮೀಸೆಯುಳ್ಳ ಕಡಲಮೀನುಗಳನ್ನು ಅಡಿಗೆಮನೆಯಲ್ಲಿ ಕೊಯ್ಯುವಾಗ ರೆಕ್ಕೆಯ ಮುಳ್ಳು ಚುಚ್ಚಿದರೂ ಇದೇ ಉಪಾಯ. ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗ ಬಿಗಿಯುವುದು ಇವು ಯಾವುವೂ ಕೂಡದು.

ತೊರಕೆಯಿಂದ ಸಾವು ಬಂದದ್ದು ಅತಿ ವಿರಳವಾದರೂ ಬಂದದ್ದುಂಟು. ಮೊಸಳೆಗಳೊಡನೆ ಆಡುತ್ತಿದ್ದ ಆಸ್ಟ್ರೇಲಿಯದ ಸ್ಟೀವ್ ಇರ್ವಿನ್ನನು 2006ರ ಸೆಪ್ಟೆಂಬರ್ 4ರಂದು, ಕಡಲಿನ ಅಪಾಯಕಾರಿ ಪ್ರಾಣಿಗಳ ಮೇಲೆ ಚಿತ್ರ ತೆಗೆಯುವ ಕಾಲಕ್ಕೆ, ಆಳವಿಲ್ಲದ ನೀರಿನಲ್ಲಿ ತೊರಕೆಯ ಮೇಲ್ಗಡೆ ಈಜುತ್ತಿದ್ದಾಗ ಅದರ ಮುಳ್ಳು ಎದೆಗೆ ನೆಟ್ಟು ತೀರಿಕೊಂಡನು. ಆದುದರಿಂದ ಎರಡು ನಿಯಮಗಳು. ಮರಳಿನ ನೀರಿನಲ್ಲಿ ನಡೆಯುವವರು ಹೆಜ್ಜೆ ಎತ್ತಿಡದೆ ಕಾಲನ್ನು ನೆಲಕ್ಕೆ ಎಳೆಯುತ್ತ ನಡೆಯತಕ್ಕದ್ದು. ಆ ಸದ್ದಿಗೆ ತೊರಕೆಯು ತಾನೇ ಜಾಗ ಬಿಡುತ್ತದೆ. ಮುಳುಗಿ ಈಜುವವರು ಅದರ ಬೆನ್ನಿನ ಮೇಲೆ ಹಾಯದೆ, ಅದು ಓಡಿಹೋಗುವ ದಾರಿಯನ್ನು ತೆರೆದಿಟ್ಟು ಪಕ್ಕದಿಂದ ನೋಡತಕ್ಕದ್ದು. ಎದೆ, ಕುತ್ತಿಗೆ, ಹೊಟ್ಟೆಗಳಲ್ಲಿ ನೆಟ್ಟ ಮುಳ್ಳನ್ನು ಮಾತ್ರ ಕೀಳಲೇ ಬಾರದು. ಹಾಗೆಯೇ ಆಸ್ಪತ್ರೆಗೆ ಒಯ್ಯಬೇಕು.

ಇಷ್ಟನ್ನೆಲ್ಲ ಸಂಗ್ರಹಿಸಿ ನಾವು ಮನೆಯಲ್ಲಿ ಓದಿಹೇಳಿದೆವು. ಗೃಹಿಣಿಯವರು ಕೊನೆಗೆ ಒಪ್ಪಿದರು. ಆದರೆ ನಾವೂ ಜೊತೆಗೆ ಹೋಗಬೇಕೆಂಬ ಕಟ್ಟಳೆ ಹಾಕಿದರು. ಹೊರಡುವ ದಿನ ಅವರು ಮಗಳ ಕೊರಳಿಗೆ ರಕ್ಷೆಯೆಂದು ಬೆಳ್ಳಿಯ ತಾಯಿತವನ್ನು ಕಟ್ಟಿದರು. ಆಗ ನಮಗೆ ಪೇಚಾಟವಾಯಿತು. ಬರಾಕುಡವೆಂಬ ಕೋರೆಹಲ್ಲಿನ ಮೀನು ನೇತ್ರಾಣಿಯ ನೀರಿನಲ್ಲಿ ಸಾಮಾನ್ಯ. ಅದು ಮನುಷ್ಯನ ಮೇಲೆ ಬರುವುದು ಅಪರೂಪ. ಬಂದರೆ, ಹೊಳೆಯುವ ಒಡವೆಯನ್ನು ಬೆಳ್ಳಿಮೈಯ ಸಣ್ಣ ಮೀನೆಂದು ಭ್ರಮಿಸಿ ಬರುತ್ತದೆ. ಆದಕಾರಣ ಬಳೆ, ಸರ, ಮೂಗುಬೊಟ್ಟು ಎಲ್ಲವನ್ನೂ ತೆಗೆದಿಟ್ಟೇ ಇಳಿಯಬೇಕೆಂಬುದು ಬಲ್ಲವರ ಮಾತು. ತಾಯಿತವನ್ನು ಬಿಚ್ಚೆಂದು ಆ ತಾಯಿಗೆ ಹೇಳುವವರಾರು? ಮಗಳೇ ಉಪಾಯ ಹುಡುಕಿದಳು. “ಆಯಿ, ತಾಯಿತ ನಿನ್ನ ಕೊರಳಲ್ಲಿರಲಿ. ನನಗೆ ಕಾತ್ಯಾಯನಿಯ ಗುಡಿಯ ದಾರ ಕಟ್ಟು, ಅದು ಹೊಳೆಯುವುದಿಲ್ಲ” ಎಂದಳು. ಹಾಗೆಯೇ ಆಯಿತು.

ಅಂಕೋಲಾ, ಕುಮಟಾ, ಹೊನ್ನಾವರಗಳನ್ನು ದಾಟಿ ಮುರ್ಡೇಶ್ವರವನ್ನು ಸೇರಿ, ಮರುದಿನ ಬೆಳಿಗ್ಗೆ ದೋಣಿ ಹತ್ತಿದೆವು. ದಂಡೆಯ ಶಿವನ ಮಹಾಮೂರ್ತಿಯು ಹಿಂದಕ್ಕೆ ಸರಿಯುತ್ತ ಸರಿಯುತ್ತ ಹೆಬ್ಬೆರಳಿನಷ್ಟಾಯಿತು. ಕಲಿಸುವವನು ಮೂವತ್ತು ವರ್ಷದ ಒಬ್ಬ ಯುವಕ. ನಾವು ಕಂಡ ಒಳ್ಳೆಯ ಉಪಾಧ್ಯಾಯರಲ್ಲಿ ಒಬ್ಬನೆಂದು ಹೇಳಲು ಸಂತೋಷವಾಗುತ್ತದೆ. ಅವನು ಹೇಳಿದ್ದನ್ನು ಮೂರು ಸಲ ಹೇಳುತ್ತಿದ್ದನು, ಹೇಳಿಸುತ್ತಿದ್ದನು. ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿರುವುದು ಜನರೆನ್ನುವಂತೆ ಆಮ್ಲಜನಕವಲ್ಲ, ನಾವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು ಎಂದು ಅವನಿಂದಲೇ ತಿಳಿದೆವು. ಈ ಯಂತ್ರವನ್ನು 1943ರಲ್ಲಿ ಫ್ರಾನ್ಸಿನ ಕೂಸ್ತೋ ಮತ್ತು ಗಾನ್ಯಾಂ ಎಂಬವರು ರೂಪಿಸಿದರು. ನೀರೊಳಗೆ ಮಾತಿಲ್ಲ, ಸಂಜ್ಞೆಗಳೇ ಮಾತು. ಹೆಬ್ಬೆರಳು ತೋರುಬೆರಳುಗಳನ್ನು ಕೂಡಿಸಿದರೆ ‘ಕ್ಷೇಮ’ವೆಂದರ್ಥ, ನಮ್ಮ ಚಿನ್ಮುದ್ರೆಯೇ ಅಲ್ಲಿ ಕುಶಲಪ್ರಶ್ನೆಯೂ ಉತ್ತರವೂ ಆಗಿರುವುದನ್ನು ಕಂಡು ನಾವು ವಿನೋದಗೊಂಡೆವು. ಹೆಬ್ಬೆರಳೊಂದನ್ನೇ ಎತ್ತಿದರೆ ಮೇಲಕ್ಕೆ ಹೋಗೋಣವೆಂದರ್ಥ.

ಪ್ರಾಣಿಗಳ ವಿಷಯದಲ್ಲಿ ಅವನ ಉಪದೇಶವೆಲ್ಲ ಕೈಗಳ ಬಗ್ಗೆಯೇ ಇತ್ತು. ಹೊಸಬರು ನೀರಿನಲ್ಲಿ ಕೈ ಬಡಿಯುತ್ತಾರೆ. ಸಮತೋಲ ತಪ್ಪಿದೊಡನೆ ಹತ್ತಿರದ ಬಂಡೆಯನ್ನು ಹಿಡಿಯುತ್ತಾರೆ. ಆ ಬಂಡೆಯು ಬಂಡೆಯೇ ಆಗಿರಬೇಕೆಂದಿಲ್ಲ. ಬಂಡೆಯಂತೆಯೇ ಕಾಣುವ ಕಲ್ಲುಮೀನಿನ ಜಾತಿಗಳಿವೆ. ಅವು ಅಲುಗುವುದಿಲ್ಲ, ಓಡುವುದಿಲ್ಲ, ಬೆನ್ನಿನ ವಿಷದ ಮುಳ್ಳುಗಳನ್ನು ನಿಗುರಿಸಿ ಕುಳಿತಿರುತ್ತವೆ. ಬಂಡೆಯ ಸಂದಿನಲ್ಲಿ ಮೈತುಂಬ ಕರಿಯ ಸೂಜಿಗಳುಳ್ಳ ಗುಂಡನೆಯ ಜೀವಿಗಳಿರುತ್ತವೆ. ಆ ಸೂಜಿಗಳು ಮೈಯಲ್ಲಿ ಮುರಿದು ಉಳಿಯುತ್ತವೆ. ಬಿಲದಲ್ಲಿ ಮೊರೇ ಎಂಬ ಹಾವುಮೀನಿರುತ್ತದೆ; ಬಾಯಿಯನ್ನು ತೆರೆದು ಮುಚ್ಚುವುದು ಅದರ ಉಸಿರಾಟವೇ ಹೊರತು ಬೆದರಿಕೆಯಲ್ಲ, ಆದರೆ ಬಿಲಕ್ಕೆ ಬೆರಳಿಟ್ಟವನನ್ನು ಅದು ಬಿಡುವುದಿಲ್ಲ. ಸುಂದರವಾದ ಶಂಕುವಿನಾಕಾರದ ಚಿಪ್ಪೊಂದು ಮರಳಿನ ಮೇಲೆ ಬಿದ್ದಿದ್ದರೆ ಎತ್ತಿಕೊಳ್ಳುವ ಮೋಹವಾಗುತ್ತದೆ. ಅದರೊಳಗಿನ ಹುಳುವು ವಿಷದ ಬಾಣವನ್ನು ಹೊರಚಾಚಿ ಚುಚ್ಚಬಲ್ಲದು. ಆ ಬಾಣವು ಅದರ ಮಾರ್ಪಟ್ಟ ಹಲ್ಲೇ ಎಂದು ಓದಿದಾಗ ನಾವು ಸುಶ್ರುತನ ಶಂಬೂಕವನ್ನು ನೆನೆದುಕೊಂಡೆವು. ಕೈಚೀಲವಾದರೂ ತೊಡಬಾರದೇ ಎಂದು ನಾವು ಕೇಳಿದ್ದಕ್ಕೆ ಆ ಯುವಕನು ಕೊಟ್ಟ ಉತ್ತರವು ಮನನೀಯವಾಗಿತ್ತು: “ಸಾರ್, ಕೈಚೀಲ ಹಾಕಿದ ಕೈ ಎಲ್ಲವನ್ನೂ ಮುಟ್ಟುತ್ತದೆ. ಬರಿಗೈ ಹೆದರುತ್ತದೆ. ಅದೇ ಒಳ್ಳೆಯದು.” ಎದೆಯ ಮೇಲೆ ಕೈಕಟ್ಟಿಕೊಂಡು, ಕಾಲಿನ ರೆಕ್ಕೆಗಳಿಂದಲೇ ಮೆಲ್ಲಗೆ ಮುಂದೆ ಸಾಗತಕ್ಕದ್ದು, ನೆಲದ ಮೇಲೆ ನಿಲ್ಲಬಾರದು, ತಿನಿಸು ಹಾಕಬಾರದು. ತಿನಿಸಿನ ರುಚಿ ಹತ್ತಿದ ಮೀನಿಗೆ ಕೈಗೂ ತಿನಿಸಿಗೂ ಭೇದ ತಿಳಿಯುವುದಿಲ್ಲ.

ಅವರು ಒಬ್ಬೊಬ್ಬರಾಗಿ ಹಿಂದಕ್ಕೆ ಮಗುಚಿ ನೀರಿಗೆ ಬಿದ್ದರು. ಆಮೇಲೆ ನಮಗೆ ಕಾಣುತ್ತಿದ್ದದ್ದು ನೀರ ಮೇಲೆ ಒಡೆಯುವ ಗುಳ್ಳೆಗಳು ಮಾತ್ರ. ಯಾವ ಗುಳ್ಳೆಗಳು ನಮ್ಮ ಮಗಳವೆಂದು ಗುರುತಿಸಲು ನಾವು ಮಾಡಿದ ಪ್ರಯತ್ನವನ್ನು ನೆನೆದರೆ ಈಗ ನಗು ಬರುತ್ತದೆ. ಆಗ ಬರಲಿಲ್ಲ. ಹುಡುಗಿಯೊಬ್ಬಳ ಗುಳ್ಳೆಗಳು ಒಂದು ಸಲ ಒಮ್ಮೆಲೆ ದಟ್ಟವಾಗಿ ಎದ್ದವು. ಅವಳು ಮೊರೇಯನ್ನು ಕಂಡು ಬೆದರಿ ಮೇಲಕ್ಕೆ ಹಾರಲು ನೋಡಿದಳೆಂದೂ, ಅವಳ ಜೊತೆಗಿದ್ದ ಗುರುವು ಹಿಡಿದು ನಿಲ್ಲಿಸಿದನೆಂದೂ ಆಮೇಲೆ ತಿಳಿಯಿತು. ಇದೊಂದು ಮುಖ್ಯವಾದ ಸಂಗತಿ. 10 ಮೀಟರು ಆಳದಲ್ಲಿ ಒತ್ತಡವು ಮೇಲಿನದರ ಇಮ್ಮಡಿ. ಅಲ್ಲಿ ಎಳೆದ ಉಸಿರನ್ನು ಕಟ್ಟಿಕೊಂಡು ಮೇಲಕ್ಕೆ ಧಾವಿಸಿದರೆ ಶ್ವಾಸಕೋಶದಲ್ಲಿಯ ಗಾಳಿಯು ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಲ್ಲದು. ಉಸಿರು ಕಟ್ಟಬಾರದು, ನಿಮಿಷಕ್ಕೆ 9 ಮೀಟರಿಗಿಂತ ಹೆಚ್ಚು ಏರಬಾರದು. ಹೀಗೆ ಮೀನು ಮಾಡದ ಕೇಡನ್ನು ಮೀನಿನ ಭಯವು ಮಾಡುತ್ತದೆ. ಆ ಭಯಕ್ಕೆ ನೀರೂ ನೆರವಾಗುತ್ತದೆ: ಮುಖದ ಕನ್ನಡಿಯ ಮೂಲಕ ನೀರಿನಲ್ಲಿ ನೋಡಿದರೆ ಪದಾರ್ಥಗಳು ಮೂರನೆಯ ಒಂದು ಪಾಲು ದೊಡ್ಡದಾಗಿಯೂ, ಇದ್ದುದಕ್ಕಿಂತ ಹತ್ತಿರವಾಗಿಯೂ ತೋರುತ್ತವೆ.

ನಮ್ಮ ಮಗಳು ಅರ್ಧ ತಾಸಿನ ಮೇಲೆ ಎದ್ದುಬಂದು, ಮೊದಲು ಚಿನ್ಮುದ್ರೆ ತೋರಿಸಿ, ಆಮೇಲೆ ಬಾಯಿಯ ನಳಿಗೆಯನ್ನು ತೆಗೆದಳು. ಬಂಡೆಯೊಂದರ ಚಾಚಿನಡಿಯಲ್ಲಿ ಸಿಂಹಮೀನನ್ನು ಕಂಡಿದ್ದಳು. ಕೆಂಪು ಬಿಳುಪು ಪಟ್ಟೆಗಳ, ನವಿಲುಗರಿಯಂತೆ ರೆಕ್ಕೆ ಹರಡಿದ ಆ ಮೀನಿಗೆ ಬೆನ್ನಿನಲ್ಲಿ 13, ಕೆಳಗಿನ ರೆಕ್ಕೆಗಳಲ್ಲಿ 5, ಒಟ್ಟು 18 ವಿಷದ ಮುಳ್ಳುಗಳು. “ಅಪ್ಪಾ, ಅದು ಹೆದರಲೇ ಇಲ್ಲ, ನಮ್ಮನ್ನು ನೋಡಿಯೂ ಅಲ್ಲಿಯೇ ನಿಂತಿತ್ತು. ಬೆರಳು ತೋರಿಸಿಬಿಡುತ್ತಿದ್ದೆ, ಅವರು ಕೈ ತಟ್ಟಿದರು” ಎಂದಳು. ಹೆದರದಿರುವ ಪ್ರಾಣಿಯೇ ಹೆಚ್ಚು ಗೌರವಕ್ಕೆ ಪಾತ್ರವೆಂದು ನಮಗೆ ತೋರಿತು. ಓಡಬೇಕಾದ ಅಗತ್ಯವಿಲ್ಲವೆಂದು ಅದಕ್ಕೆ ಗೊತ್ತು. ಶಾರ್ಕಿನ ವಿಚಾರವನ್ನು ಎಲ್ಲರೂ ಕೇಳುವುದರಿಂದ ಎರಡು ಮಾತು: ಅಲ್ಲಿ ಅಪರೂಪಕ್ಕೆ ಕಾಣುವ ತಿಮಿಂಗಿಲ ಶಾರ್ಕು ಮೀನುಗಳಲ್ಲೆಲ್ಲ ದೊಡ್ಡದಾದರೂ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಸಾಧುಪ್ರಾಣಿ, 2001ರಿಂದ ಅದಕ್ಕೆ ನಮ್ಮ ದೇಶದ ಕಾಯದೆಯ ರಕ್ಷಣೆಯಿದೆ.

ಅಂಬಲಿಮೀನು, ಅಥವಾ ಲೋಳೆಮೀನು, ಮುಳುಗುವವರಿಗಿಂತ ದಂಡೆಯಲ್ಲಿ ಆಡುವ ಮಕ್ಕಳಿಗೆ ಹೆಚ್ಚು ಸಂಬಂಧಿಸಿದ್ದು. ಮರಳಿನ ಮೇಲೆ ಸತ್ತು ಬಿದ್ದಾಗಲೂ ಅದರ ಎಳೆಗಳು ಸುಡುತ್ತವೆ. ತಗಲಿದ ಜಾಗವನ್ನು ಮರಳಿನಿಂದ ಉಜ್ಜಬಾರದು, ಸಿಹಿನೀರಿನಿಂದ ತೊಳೆಯಬಾರದು. ಎರಡರಿಂದಲೂ ಚರ್ಮಕ್ಕಂಟಿದ ಸೂಕ್ಷ್ಮಕೋಶಗಳು ಮತ್ತಷ್ಟು ಸಿಡಿಯುತ್ತವೆ. ಕಡಲನೀರಿನಿಂದಲೇ ತೊಳೆದು, ಎಳೆಗಳನ್ನು ಚಿಮಟದಿಂದ ಬಿಡಿಸಿ, ಆಮೇಲೆ ಬಿಸಿನೀರಿನ ಉಪಚಾರ ಮಾಡಬೇಕು. ಮೂತ್ರ ಹಾಕುವ ಪದ್ಧತಿಗೆ ಆಧಾರವಿಲ್ಲ. ಒಮ್ಮೆ ತಗಲಿದವರಿಗೆ ಮತ್ತೊಮ್ಮೆ ತಗಲಿದಾಗ ಉಸಿರು ಕಟ್ಟಿದರೆ ಕ್ಷಣಮಾತ್ರವೂ ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಇಂಥ ಕಡಲಜೀವಿಗಳ ವಿಷವನ್ನು ಪರೀಕ್ಷಿಸುತ್ತಲೇ ಫ್ರಾನ್ಸಿನ ರಿಷೆ ಎಂಬ ವಿದ್ವಾಂಸನು, ಎರಡನೆಯ ಸಲದ ಅಲ್ಪವಿಷವೂ ಮೊದಲಿನದಕ್ಕಿಂತ ಘೋರವಾಗಬಹುದೆಂಬ ತತ್ತ್ವವನ್ನು 1902ರಲ್ಲಿ ಸಹೋದ್ಯೋಗಿಯೊಡನೆ ಪ್ರಕಟಿಸಿ, 1913ರಲ್ಲಿ ನೊಬೆಲ್ ಬಹುಮಾನ ಪಡೆದನು.

ನಾವು ಕೊನೆಗೆ ಉಳಿಸಿಕೊಂಡದ್ದು ಕಡಲಹಾವು. ನಮ್ಮ ದಂಡೆಯ ಜನರಿಗೆ ನಿಜವಾದ ಪ್ರಾಣಭಯವಿರುವುದು ಇದರಿಂದಲೇ. ಹಳ್ಳಕೆರೆಗಳ ನೀರೊಳ್ಳೆಗೆ ವಿಷವಿಲ್ಲವೆಂದು ಮಕ್ಕಳಿಗೂ ಗೊತ್ತು. ಮಹಾಭಾರತದ ಆದಿಪರ್ವದಲ್ಲಿ ರುರುವು ಹೊಡೆಯಲು ಕೋಲೆತ್ತಿದಾಗ, ತಾನು ವಿಷವಿಲ್ಲದ ಡುಂಡುಭವೆಂದು ಹಾವೇ ಬೇಡಿಕೊಳ್ಳುತ್ತದೆ. ಆ ನ್ಯಾಯವನ್ನು ಕಡಲಿಗೆ ಹಚ್ಚಿ, ನೀರಿನ ಹಾವು ಎಲ್ಲವೂ ಸಾಧುವೆಂದು ತಿಳಿಯುವುದು ಘಾತಕ. ಕಡಲಹಾವಿನ ಬಾಲವು ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿರುತ್ತದೆ. ಹಾಗಿದ್ದರೆ ಅದು ವಿಷದ್ದೆಂದೇ ತಿಳಿಯತಕ್ಕದ್ದು. ಅದರ ಬಾಯಿ ಸಣ್ಣದು, ಬೆರಳುಗಳ ಸಂದಿಯಲ್ಲಿ ಮಾತ್ರ ಕಚ್ಚಬಲ್ಲದು ಎಂಬ ಮಾತು ಸುಳ್ಳು. ಕಚ್ಚಿದ್ದು ಬಹುಶಃ ನೋಯುವುದೇ ಇಲ್ಲ. ಅರ್ಧ ತಾಸಿನಿಂದ ಕೆಲವು ತಾಸುಗಳೊಳಗೆ ಮೈಕೈ ಸ್ನಾಯುಗಳು ಬಿಗಿದು ನೋಯುತ್ತವೆ, ರೆಪ್ಪೆ ಜೋಲುತ್ತದೆ, ದವಡೆ ಭಾರವಾಗುತ್ತದೆ, ಮೂತ್ರವು ಕಂದುಬಣ್ಣಕ್ಕೆ ತಿರುಗುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ದೊರೆಯುವ ಹಾವಿನ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಕಡಲಹಾವಿಗೆ ಅದು ಸಲ್ಲದು. ರೋಗಿಯನ್ನು ಉಳಿಸುವುದು ಕೃತಕ ಉಸಿರಾಟದ ಯಂತ್ರ ಮತ್ತು ರಕ್ತಶುದ್ಧಿಯ ಯಂತ್ರ. ಕಚ್ಚಿದ ಕೈ ಅಥವಾ ಕಾಲಿಗೆ ಅಗಲವಾದ ಬಟ್ಟೆಯನ್ನು ಉದ್ದಕ್ಕೂ ಸುತ್ತಿ, ಅಲುಗದಂತೆ ದಬ್ಬೆ ಕಟ್ಟಿ, ನಡೆಯಿಸದೆ, 108ಕ್ಕೆ ಕರೆ ಮಾಡಿ, ಅಂಥ ಯಂತ್ರಗಳಿರುವ ದೊಡ್ಡ ಆಸ್ಪತ್ರೆಗೇ ನೇರವಾಗಿ ಒಯ್ಯಬೇಕು. ನಮ್ಮ ಜಿಲ್ಲೆಗೆ ಸುಸಜ್ಜಿತವಾದ ಆಸ್ಪತ್ರೆ ಬೇಕೆಂದು 2022ರಲ್ಲಿ ಜನರು ಎಬ್ಬಿಸಿದ ಕೂಗು ಎಷ್ಟು ನ್ಯಾಯವಾದದ್ದೆಂದು ಇಂಥ ಸಮಯಗಳನ್ನು ಯೋಚಿಸಿದರೆ ಮನದಟ್ಟಾಗುತ್ತದೆ.

ಮುಳುಗುವವರಿಗೆ ಈ ಹಾವಿನಿಂದ ಆದ ಅಪಾಯ ಕಡಿಮೆ. ಆದರೆ ಅದು ಕುತೂಹಲದಿಂದ ಹತ್ತಿರ ಬರುತ್ತದೆ, ಕೆಲವೊಮ್ಮೆ ಅಟ್ಟಿಸಿಕೊಂಡೂ ಬರುತ್ತದೆ. ಆಸ್ಟ್ರೇಲಿಯದಲ್ಲಿ ಒಂದು ಜಾತಿಯ ಕಡಲಹಾವುಗಳನ್ನು ಅಭ್ಯಸಿಸಿದ ವಿದ್ವಾಂಸರು 2021ರಲ್ಲಿ ಇದರ ಕಾರಣವನ್ನು ಪ್ರಕಟಿಸಿದರು. ಬೆದೆಗಾಲದಲ್ಲಿ ಗಂಡುಹಾವು ಮುಳುಗುವವನನ್ನು ಹೆಣ್ಣೆಂದು ಭ್ರಮಿಸುತ್ತದೆ. ಓಡುವ ಹೆಣ್ಣನ್ನು ಗಂಡು ಅಟ್ಟುವುದು ಅವುಗಳ ಪ್ರಣಯದ ರೀತಿಯಾದುದರಿಂದ, ಮುಳುಗುವವನು ಓಡಿದಷ್ಟೂ ಅದು ಬೆನ್ನು ಹತ್ತುತ್ತದೆ. ಪ್ರಾಣಿಗಳಲ್ಲಿ ಕಾಣುವ ರತಿಯನ್ನು ನಮ್ಮ ಆಲಂಕಾರಿಕರು ಶೃಂಗಾರಾಭಾಸವೆಂದು ಕರೆದರು. ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾವು ತರಗತಿಯಲ್ಲಿ ಎಂದೂ ಕೊಟ್ಟಿರಲಿಲ್ಲ. ಅಂಥ ಸಮಯದಲ್ಲಿ ಕೈಕಾಲು ಆಡಿಸದೆ ನಿಶ್ಚಲವಾಗಿರುವುದೇ ಉಪಾಯ. ಹಾವು ನಾಲಿಗೆಯಿಂದ ಮುಟ್ಟಿನೋಡಿ, ತಾನು ಹುಡುಕುತ್ತಿದ್ದದ್ದು ಇದಲ್ಲವೆಂದು ತಿಳಿದು ಹೊರಟುಹೋಗುತ್ತದೆ.

ಕಚ್ಚಿಸಿಕೊಳ್ಳುವವರು ಬಹುಪಾಲು ಬಲೆ ಎಳೆಯುವವರು. ಮೀನಿನ ರಾಶಿಯಲ್ಲಿ ಹಾವು ಬಂದರೆ ಅದರ ಬಾಲವನ್ನು ಹಿಡಿದು ಗರಗರನೆ ತಿರುಗಿಸಿ ನೀರಿಗೆ ಎಸೆಯುವುದನ್ನು ನಾವೇ ಹಾರವಾಡದಲ್ಲಿ ಕಂಡಿದ್ದೇವೆ. ಆ ದೋಣಿಯ ಶಿಷ್ಯನಿಗೆ ಇದನ್ನೆಲ್ಲ ಒಂದು ಸಂಜೆ ಕುಳಿತು ಹೇಳಿದೆವು. ಅವನು ಸುಮ್ಮನೆ ಕೇಳಿ, “ಬಾಲ ಹಿಡಿಯದಿದ್ದರೆ ಹುಡುಗರು ಹೆದರುಪುಕ್ಕ ಅನ್ನುತ್ತಾರೆ ಮಾಸ್ತರೇ” ಎಂದನು. ಆದರೂ ಮುಂದಿನ ವಾರ ದೋಣಿಯಲ್ಲಿ ತುದಿಗೆ ಕೊಕ್ಕೆಯಿರುವ ಉದ್ದನೆಯ ಕೋಲೊಂದು ಬಂತು. ದೊಡ್ಡ ಫ್ಲಾಸ್ಕಿನಲ್ಲಿ ಬಿಸಿನೀರೂ ಬಂತು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆಯ ನಿಷೇಧದ ದಿನಗಳಲ್ಲಿ ಅವನು ಬಲೆ ಹೆಣೆಯುತ್ತ ಕುಳಿತಾಗ ನಾವು ಮತ್ತೆ ಹೋಗಿ ವಿಚಾರಿಸಿದೆವು. ಅವನ ಜೊತೆಗಿರುವ ಮೂವರು ಹುಡುಗರಲ್ಲಿ ಇಬ್ಬರು ಕೋಲು ಹಿಡಿಯುವುದನ್ನು ರೂಢಿಸಿಕೊಂಡಿದ್ದಾರೆ. ಮೂರನೆಯವನು, ಅವನ ಸ್ವಂತ ತಮ್ಮನೇ, ಈಗಲೂ ಬಾಲವನ್ನೇ ಹಿಡಿಯುತ್ತಾನಂತೆ.